ಅಂಚು ಹೊಲಿಯದ ಬಟ್ಟೆ

ಟೈಲರಮ್ಮ ಬೀರುವಿನ ಕೆಳಖಾನೆಯಲ್ಲಿದ್ದುದನ್ನೆಲ್ಲ ಎಳೆದೆಳೆದು ನೆಲಕ್ಕೆ ಹಾಕುತ್ತಿದ್ದಳು. ಹಳೆಯ ಹೊದಿಕೆಗಳು, ಗಿರಾಕಿಗಳು ಹೊಲಿಸಿ ಒಯ್ಯದೆ ಬಿಟ್ಟ ಅಂಗಿಗಳು, ಅಣ್ಣನ ಮೊಣಕೈ ಹರಿದ ಸ್ವೆಟರು, ಗುಂಡಿಗಳ ಡಬ್ಬಿ. ಡಬ್ಬಿಯ ಮುಚ್ಚಳ ಬಿಚ್ಚಿಕೊಂಡು ಗುಂಡಿಗಳೆಲ್ಲ ಮಂಚದ ಅಡಿಗೆ ಉರುಳಿದವು. ಹಾಳಾಗಿ ಹೋಗಲಿ ಎಂದು ಬಿಟ್ಟಳು. ಬೇಕಾಗಿದ್ದ ಬಟ್ಟೆ ಮಾತ್ರ ಎಲ್ಲೂ ಇರಲಿಲ್ಲ.

ಅಂಗಡಿಯೂ ಆಗಿದ್ದ ಹೊರಕೋಣೆಯಲ್ಲಿ ಅವಳ ಅಣ್ಣ ಮರದ ಪೆಟ್ಟಿಗೆಯೊಳಗೆ ಮಲಗಿದ್ದ. ಜೀವಮಾನವೆಲ್ಲ ಭೌತಶಾಸ್ತ್ರ ಕಲಿಸಿದ ಮೇಷ್ಟ್ರು. ಸೇರಿದಾಗ ಯಾವ ಹುದ್ದೆಯೋ ನಿವೃತ್ತಿಯಾದಾಗಲೂ ಅದೇ ಹುದ್ದೆ. ಪೆಟ್ಟಿಗೆಯ ಮುಚ್ಚಳವನ್ನು ಗೋಡೆಗೆ ಒರಗಿಸಿದ್ದರು. ಕಾಲೇಜಿನ ಭೌತಶಾಸ್ತ್ರ ವಿಭಾಗದಿಂದ ಬಂದವರು ಒಬ್ಬೊಬ್ಬರಾಗಿ ಹತ್ತಿರ ಹೋಗಿ, ಮುಖ ಸಪ್ಪಗೆ ಮಾಡಿಕೊಂಡು ನಿಂತು, ಇಷ್ಟು ಹೊತ್ತು ನಿಂತರೆ ಸಾಕು ಅನ್ನಿಸಿದ ಮೇಲೆ ಟೀ ಲೋಟ ಹಿಡಿದು ಕಿಟಕಿಯ ಕಡೆ ಸರಿಯುತ್ತಿದ್ದರು. ಅಲ್ಲಿ ಮುಂದಿನ ಬಡ್ತಿ ಯಾರಿಗೆ ಎಂಬ ಮಾತು ನಡೆದಿತ್ತು. ಟೈಲರಮ್ಮ ಹೊರಕೋಣೆಯ ಕಪಾಟಿನಲ್ಲೂ ಒಮ್ಮೆ ನೋಡಿಬಿಡೋಣ ಎಂದು ಬಾಗಿಲಿಗೆ ಬಂದಾಗ ಒಬ್ಬನ ಬಿಸ್ಕತ್ತು ಟೀಯಲ್ಲಿ ಮುರಿದು ಬಿತ್ತು. ಅವನು ಅದನ್ನು ಎರಡು ಬೆರಳಿನಿಂದ ಎತ್ತಿ ಬಾಯಿಗೆ ಹಾಕಿಕೊಂಡು, ಬೆರಳು ಚೀಪಿ, ಅತ್ತಿತ್ತ ನೋಡಿ, ಪೆಟ್ಟಿಗೆಯ ಮೂಲೆಗೆ ಒರೆಸಿದ. ಅವಳು ಮುಖ ತಿರುಗಿಸಿದಳು. ಕಪಾಟನ್ನು ನೋಡದೆ ಒಳಗೆ ಹೋದಳು.

ಪಕ್ಕದ ಮನೆಯ ನರ್ಸಮ್ಮ ಹಿಂದೆಯೇ ಬಂದಳು. ಕೊನೆಯ ವಾರ ಮೇಷ್ಟ್ರ ಮೈ ಒರೆಸಿ ಮಗ್ಗುಲು ಹೊರಳಿಸಿದವಳು ಅವಳೇ.

"ಏನ್ ಹುಡುಕ್ತಿದ್ದೀರಿ ಟೈಲರಮ್ಮ? ಗಾಡಿಯವನು ಬಂದು ಆಗಲೇ ಹಾರನ್ ಹೊಡೀತಿದ್ದಾನೆ."

"ಅಣ್ಣನ ಬಟ್ಟೆ."

"ಹೊಸ ಷರಟು ಹಾಕಿದೀವಲ್ಲ."

"ಆ ಬಟ್ಟೆ ಅಲ್ಲ ನರ್ಸಮ್ಮ. ಅದು."

ನರ್ಸಮ್ಮನಿಗೆ ಅರ್ಥವಾಯಿತು. ಅದು ಎಂದರೆ ಯಾವುದೆಂದು ಬೀದಿಗೆಲ್ಲ ಗೊತ್ತಿತ್ತು. ವರ್ಷಕ್ಕೊಮ್ಮೆ ಒಗೆದು ಹಾಕಿದಾಗ ಹಿತ್ತಲಿನ ಹಗ್ಗವನ್ನೆಲ್ಲ ಅದೊಂದೇ ನುಂಗುತ್ತಿತ್ತು. ಆಸ್ಪತ್ರೆಯಲ್ಲಿ ಮೇಷ್ಟ್ರು ಮೂಗಿನ ನಳಿಕೆಯನ್ನು ಪಕ್ಕಕ್ಕೆ ಸರಿಸಿ, "ಪುಟ್ಟೀ, ಪೆಟ್ಟಿಗೇಲಿ ನನ್ನ ಮೇಲೆ ಅದನ್ನೇ ಹೊದಿಸು. ಅಂಚು ಹೊಲಿದುಗಿಲಿದು ಬಿಟ್ಟೀಯ ಮತ್ತೆ" ಎಂದಾಗ ನರ್ಸಮ್ಮ ಅಲ್ಲೇ ಇದ್ದಳು. ಟೈಲರಮ್ಮ ಹೂಂ ಎಂದಿದ್ದಳು. ಅಣ್ಣ ಬದುಕಿನಲ್ಲಿ ಅವಳನ್ನು ಬಾಯಿಬಿಟ್ಟು ಕೇಳಿದ್ದು ತೀರಾ ಕಡಿಮೆ. ಊಟ, ಚಹಾ, ಒಗೆದ ಬಟ್ಟೆ ಎಲ್ಲ ಕೇಳದೆಯೇ ಬರುತ್ತಿದ್ದವಲ್ಲ.

"ಅದು ಸಿಗದೆ ನಾನು ಮುಚ್ಚಳ ಹಾಕೋಕೆ ಬಿಡಲ್ಲ," ಎಂದಳು ಟೈಲರಮ್ಮ.

*

ಅದು ಶುರುವಾದದ್ದು ಒಂದು ಫ್ರಾಕಿನಿಂದ. ಆಗ ಅವಳ ಕೂದಲು ಕಪ್ಪಗಿತ್ತು. ಅಂಗಡಿ ಎಂದರೆ ಬೀದಿಗೆ ಬಾಗಿಲಿದ್ದ ಇದೇ ಹೊರಕೋಣೆ. ಅಣ್ಣ ಉತ್ತರಪತ್ರಿಕೆ ತಿದ್ದಲು ಕತ್ತರಿಸುವ ಮೇಜಿನ ಒಂದು ಮೂಲೆಯನ್ನು ಆಕ್ರಮಿಸಿಕೊಂಡು ಕೂತಿದ್ದ. ಬಟ್ಟೆಯ ಮೇಲೆಲ್ಲ ಕೆಂಪು ಶಾಯಿ ಸಿಡಿಸುತ್ತಿದ್ದ. ಬೈದರೆ ಕಿವಿಗೆ ಹೋಗುತ್ತಿರಲಿಲ್ಲ.

ಅವಳು ಮಗುವಿನ ಫ್ರಾಕಿನ ಕೆಳಭಾಗವನ್ನು ಅಲ್ಲಲ್ಲಿ ಸೀಳಿ, ಸೀಳಿನೊಳಗೆ ಮೂರು ಮೂಲೆಯ ತುಂಡುಗಳನ್ನು ಇಟ್ಟು ಹೊಲಿಯುತ್ತಿದ್ದಳು. ತುಂಡು ಸೇರಿದ ಕಡೆಯೆಲ್ಲ ಬಟ್ಟೆ ಎದ್ದು ಅಲೆಯಾಗುತ್ತಿತ್ತು. ಅಣ್ಣ ಪೆನ್ನು ಕೆಳಗಿಟ್ಟ.

"ಆ ತುಂಡು ಇನ್ನೂ ಜಾಸ್ತಿ ಹಾಕಿದ್ರೆ?"

"ಇನ್ನೂ ಜಾಸ್ತಿ ನೆರಿಗೆ."

"ಆ ನೆರಿಗೆಗೂ ಸೀಳಿ ಮತ್ತೆ ಹಾಕಿದ್ರೆ? ಸುತ್ತು ಸುತ್ತಿಗೂ ಹಾಕ್ತಾ ಹೋದ್ರೆ?"

"ತಲೆ ಕೆಟ್ಟವರು ಹಾಕ್ಬೇಕು. ಮಗು ಎಡವಿ ಬೀಳುತ್ತೆ."

ತಲೆ ಕೆಟ್ಟವನು ಎದುರಿಗೇ ಕೂತಿದ್ದ. ಅಂಗೈಯಗಲದ ಒಂದು ದುಂಡು ತುಂಡು ಹೊಲಿಸಿಕೊಂಡ. ಅದರ ಸುತ್ತ ಒಂದು ಸುತ್ತು, ಆಮೇಲೆ ಇನ್ನೊಂದು. ಅಂಗಡಿಯಲ್ಲಿ ಉಳಿದ ಚೂರುಗಳೇ ಅದಕ್ಕೆ ಸಂದವು. ಶಾಲೆ ಮಕ್ಕಳ ನೀಲಿ ಯೂನಿಫಾರಂ, ಯಾರದೋ ಮದುವೆ ಉಡುಪಿನ ಅಸ್ತರು, ಪರದೆಯ ಹಳದಿ, ನರ್ಸಮ್ಮನ ಬಿಳಿ ಕೋಟು. ಮೂರನೆಯ ಸುತ್ತಿಗೆ ಬಟ್ಟೆ ಮೇಜಿನ ಮೇಲೆ ಚಪ್ಪಟೆ ಮಲಗುವುದನ್ನು ಬಿಟ್ಟಿತು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು.

"ಪುಟ್ಟೀ, ಅನಂತ ಅಂದ್ರೆ ದೂರ ಅಂತ ಎಲ್ಲ ತಿಳ್ಕೊಂಡಿದ್ದಾರೆ," ಎಂದ ಅಣ್ಣ. ಅವನ ಕಣ್ಣು ಹೊಳೆಯುತ್ತಿತ್ತು. ಉಗುರಿನೊಳಗೆ ಎಂದಿನಂತೆ ಸೀಮೆಸುಣ್ಣ. "ದೂರ ಅಲ್ಲ ಕಣೇ. ಇಕ್ಕಟ್ಟು. ನೋಡು, ನಡುವೆ ಒಂದು ಇರುವೆ ಬಿಟ್ಟೆ ಅಂದ್ಕೋ. ಅದು ಅಂಚಿಗೆ ಹೊರಡ್ತು. ಹೋದ ಹಾಗೆಲ್ಲ ಮುಂದೆ ಬಟ್ಟೆ ಜಾಸ್ತಿ ಆಗ್ತಾ ಹೋದ್ರೆ ಏನಾಗುತ್ತೆ?"

"ಇರುವೆಗೆ ಸುಸ್ತಾಗುತ್ತೆ."

"ಅಂಚು ಕಣ್ಣಿಗೆ ಕಾಣುತ್ತೆ, ಕಾಲಿಗೆ ಸಿಗಲ್ಲ. ನಾವಿರೋ ಜಾಗ ಎಲ್ಲ, ನಕ್ಷತ್ರ ಗಿಕ್ಷತ್ರ ಎಲ್ಲ, ಹೀಗೇ ಇದ್ರೆ? ಒಳಗೆ ನಡೆಯೋದೆಲ್ಲ ಆ ಅಂಚಿನ ಮೇಲೆ ಬರೆದಿದ್ರೆ?"

"ಇದ್ರೆ ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಊಹೆ. ನಿಜ ಅನ್ನೋಕೆ ನನ್ನ ಹತ್ರ ಏನೂ ಇಲ್ಲ," ಎಂದು ನಕ್ಕ. ಅವನು ಹಾಗೆ ನಗುವುದು ಅಪರೂಪ.

ಅವಳಿಗೆ ಅದರ ತಲೆಬುಡ ತಿಳಿಯಲಿಲ್ಲ. ತಿಳಿದದ್ದು ಒಂದೇ. ಆ ಬಟ್ಟೆಗೆ ಅಂಚು ಮಡಿಸಿ ಹೊಲಿದಿರಲಿಲ್ಲ, ಸುತ್ತಲೂ ದಾರ ಬಿಟ್ಟುಕೊಂಡು ನಿಂತಿತ್ತು. ಟೈಲರ್ ಆದವಳಿಗೆ ಅದು ಮೂಗು ಒರೆಸದ ಮಗುವನ್ನು ನೋಡಿದ ಹಾಗೆ. ಹೊಲಿಯಲು ಹೋದಾಗಲೆಲ್ಲ ಅಣ್ಣ ಕೈ ಹಿಡಿದುಕೊಳ್ಳುತ್ತಿದ್ದ.

"ಹೊಲಿಬೇಡ. ಹೊಲಿದ್ರೆ ಮುಗೀತು ಅಂದ ಹಾಗೆ."

"ನೋಡೋಕೆ ಅಸಹ್ಯ ಅಣ್ಣ."

"ಇರಲಿ."

*

"ಅಕ್ಕ, ಇನ್ನೆಷ್ಟು ಹೊತ್ತು?" ಎಂದು ಚಿಕ್ಕಪ್ಪನ ಮಗ ಕೋಣೆಗೆ ಇಣುಕಿದ. ಗಾಡಿ, ಪೆಟ್ಟಿಗೆ, ಟೀ ಎಲ್ಲ ಅವನದೇ ಏರ್ಪಾಡು. ಒಂದು ಕಿವಿಗೆ ಫೋನು ಅಂಟಿಸಿಕೊಂಡೇ ಅವನು ಬೆಳಗಿನಿಂದ ದುಃಖಪಡುತ್ತಿದ್ದ. ನೆಲದ ಮೇಲಿನ ರಾಶಿ ನೋಡಿ ಫೋನು ಕೆಳಗಿಳಿಸಿದ. "ಏನಿದು ಸಂತೆ?"

"ಅಣ್ಣನ ನೆರಿಗೆ ಬಟ್ಟೆ ಕಂಡ್ಯಾ?"

ಅವನು ಹೊರಗೆ ಉಳಿದಿದ್ದ ಒಂದು ಗುಂಡಿಯನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದ. ಚಿಕ್ಕಂದಿನಲ್ಲಿ ಸಕ್ಕರೆ ಡಬ್ಬಿ ಖಾಲಿಯಾದಾಗಲೂ ಅವನ ಮುಖ ಹೀಗೇ ಆಗುತ್ತಿತ್ತು.

"ಯಾರಿಗೆ ಕೊಟ್ಟೆ?"

"ನೀನು ಆಸ್ಪತ್ರೇಲಿದ್ದಾಗ ಪ್ರೊಫೆಸರು ಬಂದಿದ್ರು. ವಿಭಾಗದ ಮುಖ್ಯಸ್ಥರು. ಅಷ್ಟು ದೊಡ್ಡ ಮನುಷ್ಯ ಮನೆ ಬಾಗಿಲಿಗೆ ಬಂದು ಕೇಳಿದ್ರೆ ಇಲ್ಲ ಅನ್ನೋಕಾಗುತ್ತಾ? ಒಳ್ಳೆ ಕೆಲಸಕ್ಕೆ ಅಂದ್ರು. ಇವತ್ತು ತರ್ತಾರೆ. ನಿನಗೆ ಆಶ್ಚರ್ಯ ಆಗ್ಲಿ ಅಂತ ಹೇಳಿರಲಿಲ್ಲ."

"ಆಶ್ಚರ್ಯ," ಎಂದಳು ಟೈಲರಮ್ಮ.

"ಅಕ್ಕ, ನಾಳೆ ನಾಡಿದ್ದು ಅದು ಹುಳ ತಿಂದು ಹೋಗೋ ಬಟ್ಟೆ. ಅವರ ಹತ್ರ ಇದ್ರೆ ಅಣ್ಣನ ಹೆಸರು ಉಳಿಯುತ್ತೆ."

"ಅದು ಅವನ ಮೇಲೆ ಹೋಗ್ಬೇಕು. ನಾನು ಮಾತು ಕೊಟ್ಟಿದೀನಿ."

"ಸತ್ತವರಿಗೆ ಏನ್ ಗೊತ್ತಾಗುತ್ತಕ್ಕ?"

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಇವನ ಮೊದಲ ಕೆಲಸಕ್ಕೆ ಪ್ಯಾಂಟು ಹೊಲಿದುಕೊಟ್ಟವಳು ಅವಳೇ. ಛೀ, ಹರಿದ ಚಡ್ಡಿಯಲ್ಲೇ ಕಳಿಸಬೇಕಿತ್ತು ಎನ್ನಿಸಿತು.

"ಗಾಡಿಯವನಿಗೆ ಕಾಯೋಕೆ ಹೇಳು," ಎಂದಳು.

*

ಆ ಪ್ರೊಫೆಸರನ್ನು ಅವಳು ಮೊದಲು ನೋಡಿದ್ದು ವಿಭಾಗದ ಉಪನ್ಯಾಸ ಕೊಠಡಿಯಲ್ಲಿ. ಆಗ ಆತ ಇನ್ನೂ ಮುಖ್ಯಸ್ಥನಾಗಿರಲಿಲ್ಲ. ಅಣ್ಣನ ಸಹೋದ್ಯೋಗಿ, ವಯಸ್ಸಿನಲ್ಲಿ ಚಿಕ್ಕವನು, ಮಾತಿನಲ್ಲಿ ಚುರುಕು. ಬಟ್ಟೆಯ ಇನ್ನೊಂದು ತುದಿ ಹಿಡಿಯಲು ಜನ ಬೇಕೆಂದು ಅಣ್ಣ ಅವಳನ್ನೂ ಕರೆದುಕೊಂಡು ಹೋಗಿದ್ದ. ಅವಳು ಇದ್ದುದರಲ್ಲಿ ಒಳ್ಳೆಯ ಉಡುಪು ಹಾಕಿಕೊಂಡಿದ್ದಳು.

ಇಬ್ಬರೂ ಬಟ್ಟೆಯನ್ನು ಹರಡಿ ಹಿಡಿದರು. ಅಣ್ಣ ಇರುವೆಯ ಕತೆಯಿಂದ ಶುರುಮಾಡಿ ಹಲಗೆಯ ತುಂಬ ಲೆಕ್ಕ ಬರೆದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮುಗಿದ ಮೇಲೆ ಆ ಚುರುಕು ಮಾತಿನವನು ಎದ್ದುಬಂದು, ಅಣ್ಣನ ಲೆಕ್ಕದ ಒಂದು ಸಾಲಿನ ಕೆಳಗೆ ಸೀಮೆಸುಣ್ಣದಿಂದ ಗೆರೆ ಎಳೆದು, "ಇಲ್ಲಿಂದ ಮುಂದೆ ಇದು ಭೌತಶಾಸ್ತ್ರ ಅಲ್ಲ, ದರ್ಜಿ ಅಂಗಡಿ," ಎಂದ.

ಇಡೀ ಕೊಠಡಿ ನಕ್ಕಿತು. ಅವನೂ ನಕ್ಕ. ನಗುತ್ತಲೇ ಕೈಗೆ ಹತ್ತಿದ್ದ ಸುಣ್ಣವನ್ನು, ಟೈಲರಮ್ಮ ಹಿಡಿದು ನಿಂತಿದ್ದ ಬಟ್ಟೆಯ ತುದಿಗೆ ಒರೆಸಿದ. ಬೇಕೆಂದೇ ಒರೆಸಿದ್ದಲ್ಲ. ಹತ್ತಿರದಲ್ಲಿ ಒಂದು ಬಟ್ಟೆ ಇತ್ತು, ಒರೆಸಿದ. ಬೇಕೆಂದು ಮಾಡಿದ್ದರೆ ಅವಳು ಮರೆತುಬಿಡುತ್ತಿದ್ದಳೋ ಏನೋ.

ಇಬ್ಬರೂ ಮನೆಗೆ ಬಂದರು. ಅವಳು ಬಂದವಳೇ ಬಟ್ಟೆಯನ್ನು ಬಕೆಟಿಗೆ ಹಾಕಿ ತಿಕ್ಕಿದಳು. ಹಿಂದೆ ನಿಂತು ನೋಡುತ್ತಿದ್ದ ಅಣ್ಣ, "ಇನ್ನೊಂದು ಸುತ್ತು ಹಾಕೋಣ್ವಾ?" ಎಂದ. ಅವಳು ಕೈ ಒರೆಸಿಕೊಂಡು ಚೂರುಗಳ ಚೀಲ ತಂದಳು. ಅಲ್ಲಿಂದ ಮುಂದೆ ಅಂಗಡಿಯ ಚೂರು ಉಳಿದಾಗಲೆಲ್ಲ ಒಂದಿಷ್ಟು ಸೇರಿಸುತ್ತ ಹೋದರು. ಅಣ್ಣ ಮತ್ತೆ ಯಾರ ಮುಂದೆಯೂ ಅದನ್ನು ಹರಡಲಿಲ್ಲ.

ಆಮೇಲೆ ಕಾಲ ತಿರುಗಿತು. ಎಲ್ಲೆಲ್ಲಿಯದೋ ದೊಡ್ಡ ತಲೆಗಳು ಇಂಥದ್ದೇ ಊಹೆಗಳನ್ನು ಗಂಭೀರವಾಗಿ ಆಡತೊಡಗಿದವು. ಅನಂತದ ಅಂಚು ಎಂಬ ಮಾತು ಫ್ಯಾಷನ್ನಾಯಿತು. ಅಷ್ಟರಲ್ಲಿ ಮುಖ್ಯಸ್ಥನಾಗಿದ್ದ ಆ ಮನುಷ್ಯ ತನ್ನ ಉಪನ್ಯಾಸಗಳಲ್ಲಿ ಪರದೆಯ ಮೇಲೆ ಒಂದು ನೆರಿಗೆ ಬಟ್ಟೆಯ ಚಿತ್ರ ತೋರಿಸಿ, "ನಮ್ಮ ವಿಭಾಗದಲ್ಲಿ ನಾವು ಬಹಳ ಹಿಂದೆಯೇ" ಎಂದು ಶುರುಮಾಡುತ್ತಾನಂತೆ. ಅಣ್ಣ ಅದನ್ನು ಕೇಳಿ ಬಂದ ಸಂಜೆ, "ಒಳ್ಳೇದಾಯ್ತು ಬಿಡು, ಯಾರಾದ್ರೂ ಹೇಳ್ತಿದ್ದಾರಲ್ಲ" ಎಂದು ಊಟಕ್ಕೆ ಕೂತ. ಆ ಹೊತ್ತು ಅವಳಿಗೆ ಅಣ್ಣನನ್ನು ಕಂಡರೂ ಹೇಸಿಗೆಯಾಯಿತು. ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು.

*

ಪ್ರೊಫೆಸರು ಬಂದರು. ಬಾಗಿಲಲ್ಲಿ ದಾರಿಯಾಯಿತು, ಕಿಟಕಿಯ ಬಳಿಯ ಮಾತು ನಿಂತಿತು, ಬಿಸ್ಕತ್ತಿನವನು ಲೋಟ ಬಚ್ಚಿಟ್ಟ. ಕಪ್ಪು ಕೋಟು, ಕೋಟಿಗೆ ಒಪ್ಪುವ ದುಃಖ. ಹಿಂದೆ ಇಬ್ಬರು ಕಂದು ಕಾಗದ ಸುತ್ತಿದ ದೊಡ್ಡ ಚೌಕಟ್ಟೊಂದನ್ನು ಹೊತ್ತು ತಂದರು.

ಪೆಟ್ಟಿಗೆಯ ತಲೆಯ ಕಡೆ ನಿಂತು ಅವರು ಮಾತಾಡಿದರು. ಒಳ್ಳೆಯ ಗಂಟಲು, ತಡವರಿಕೆ ಇಲ್ಲ.

"ಅನಂತವನ್ನ ನಮ್ಮ ಅಂಗೈಗೆ ತಂದುಕೊಟ್ಟ ಮಹನೀಯರು ಇವರು. ಆಗಿನ ಕಾಲದಲ್ಲಿ ಇವರನ್ನ ಎಷ್ಟೋ ಜನ ಅರ್ಥ ಮಾಡಿಕೊಳ್ಳಲಿಲ್ಲ. ಆದರೆ ನಾನು ಮೊದಲ ದಿನವೇ ಇದರ ಮಹತ್ವ ಕಂಡಿದ್ದೆ. ಆ ಮೊದಲ ಉಪನ್ಯಾಸದಲ್ಲಿ ನಾನಿದ್ದೆ ಅನ್ನೋದೇ ನನಗೆ ಹೆಮ್ಮೆ."

ಎಲ್ಲರೂ ತಲೆಯಾಡಿಸಿದರು. ಅವತ್ತು ನಕ್ಕವರಲ್ಲಿ ಮೂರು ನಾಲ್ಕು ಮಂದಿ ಅಲ್ಲೇ ಇದ್ದರು. ಅವರ ತಲೆಯೂ ಆಡಿತು. ಟೈಲರಮ್ಮನ ಬಾಯಲ್ಲಿ ಹುಳಿ ನೀರು ಬಂತು. ಅಲ್ಲಿ ಉಗುಳುವ ಹಾಗಿರಲಿಲ್ಲ, ನುಂಗಿಕೊಂಡಳು.

"ತಾಯಿ, ಇಲ್ಲಿ ಬನ್ನಿ," ಎಂದು ಕರೆದರು ಪ್ರೊಫೆಸರು. ಕಾಗದ ಹರಿದರು.

ಗಾಜಿನ ಹಿಂದೆ ದುಂಡಗೆ, ಚಪ್ಪಟೆಯಾಗಿ, ಊಟದ ಮೇಜಿನ ಹಾಸಿನಂತೆ ಏನೋ ಒಂದು ಇತ್ತು. ನೀಲಿ, ಹಳದಿ, ಬಿಳಿ ಕಂಡ ಮೇಲೆ ಅವಳಿಗೆ ಗುರುತು ಸಿಕ್ಕಿತು. ನೆರಿಗೆಗಳನ್ನೆಲ್ಲ ಒಂದರ ಮೇಲೊಂದು ಮಡಿಸಿ, ಮೇಲೆ ಕಾದ ಇಸ್ತ್ರಿ ಪೆಟ್ಟಿಗೆ ಎಳೆದಿದ್ದರು. ನರ್ಸಮ್ಮನ ಬಿಳಿ ಕೋಟಿನ ತುಂಡು ಒಂದು ಕಡೆ ಕಂದುಬಣ್ಣಕ್ಕೆ ತಿರುಗಿತ್ತು. ಸುತ್ತಲೂ, ದಾರ ಬಿಟ್ಟುಕೊಂಡಿದ್ದ ಅಂಚನ್ನು ಮುಚ್ಚಿ, ಬೆರಳಗಲದ ಜರಿ ಪಟ್ಟಿ ಹೊಲಿದಿದ್ದರು. ಕೆಳಗೆ ಹಿತ್ತಾಳೆಯ ತಗಡಿನಲ್ಲಿ ವಿಭಾಗದ ಹೆಸರು, ಅದರ ಕೆಳಗೆ ಮುಖ್ಯಸ್ಥರ ಹೆಸರು.

"ತುಂಬಾ ಸುಕ್ಕಿತ್ತು ತಾಯಿ," ಎಂದರು ಪ್ರೊಫೆಸರು. "ಚೌಕಟ್ಟಿನವನು ಹೀಗೆ ಕೂರಲ್ಲ ಅಂದ. ಒಳ್ಳೆ ಲಾಂಡ್ರಿಗೆ ಕೊಟ್ಟು ಇಸ್ತ್ರಿ ಮಾಡಿಸಿದ್ವಿ. ಅಂಚೂ ಕಿತ್ತುಹೋಗಿತ್ತು, ಪಾಪ. ಅದಕ್ಕೂ ಪಟ್ಟಿ ಕೊಡಿಸಿದೀನಿ. ನಮ್ಮ ಪ್ರವೇಶದ್ವಾರದಲ್ಲೇ ತೂಗುಹಾಕ್ತೀವಿ. ಕೊನೇ ಸಲ ಅವರ ಮುಂದೆ ಇಟ್ಟು ಒಯ್ಯೋಣ ಅಂತ ತಂದೆ."

ಯಾರೋ ಚಪ್ಪಾಳೆಗೆ ಕೈ ಎತ್ತಿ, ಸಾವಿನ ಮನೆ ಎಂದು ನೆನಪಾಗಿ ಕೈ ಕೆಳಗಿಟ್ಟರು.

ಟೈಲರಮ್ಮನಿಗೆ ಮೊದಲು ನಗು ಬಂತು. ಊರೂರು ಸುತ್ತಿ, ಈ ನೆರಿಗೆಯಂತೆ ಬಾಗಿದ ಜಾಗದ ಬಗ್ಗೆ ಭಾಷಣ ಮಾಡುವ ಮನುಷ್ಯ, ಆ ನೆರಿಗೆಯನ್ನೇ ಸುಕ್ಕು ಅಂದುಕೊಂಡು ಇಸ್ತ್ರಿ ಹಾಕಿಸಿದ್ದಾನೆ. ಇಷ್ಟು ವರ್ಷ ಇವನು ಚಿತ್ರ ತೋರಿಸಿ ಹೇಳಿದ್ದೇನು? ಆಮೇಲೆ ಮೈಯೆಲ್ಲ ಉರಿಯಿತು.

ಅವಳು ಚೌಕಟ್ಟನ್ನು ಇಬ್ಬರ ಕೈಯಿಂದ ತೆಗೆದುಕೊಂಡು ಕತ್ತರಿಸುವ ಮೇಜಿನ ಮೇಲೆ ಮಗುಚಿ ಹಾಕಿದಳು. ಕೊರಳಲ್ಲಿ ತೂಗುತ್ತಿದ್ದ ಕತ್ತರಿಯ ತುದಿಯಿಂದ ಹಿಂದಿನ ಮೊಳೆಗಳನ್ನು ಒಂದೊಂದಾಗಿ ಮೀಟಿದಳು.

"ಏನ್ ಮಾಡ್ತಿದ್ದೀರಿ ತಾಯಿ? ಅದು ವಿಭಾಗದ ಆಸ್ತಿ," ಎಂದರು ಪ್ರೊಫೆಸರು.

"ಗಾಜು ನಿಮ್ಮದು. ತಗಡು ನಿಮ್ಮದು. ಎರಡೂ ಜೋಪಾನವಾಗಿ ಕೊಡ್ತೀನಿ."

"ಅಕ್ಕ," ಎಂದ ಚಿಕ್ಕಪ್ಪನ ಮಗ. "ಎಲ್ಲ ನೋಡ್ತಿದ್ದಾರೆ."

"ನೋಡ್ಲಿ."

ಜರಿ ಪಟ್ಟಿಯನ್ನು ಅಕ್ಕಿಮೂಟೆಯ ಬಾಯಿಗೆ ಹಾಕುವಂಥ ಸರಪಳಿ ಹೊಲಿಗೆಯಲ್ಲಿ ಕೂರಿಸಿದ್ದರು. ಸೋಮಾರಿಗಳ ಹೊಲಿಗೆ. ಅದರಲ್ಲಿ ಒಂದೇ ಗುಣ, ಸರಿಯಾದ ತುದಿ ಸಿಕ್ಕರೆ ಎಲ್ಲ ಒಟ್ಟಿಗೆ ಬಿಚ್ಚಿಕೊಳ್ಳುತ್ತದೆ. ಅವಳು ಕನ್ನಡಕ ಸರಿಮಾಡಿಕೊಂಡು ತುದಿ ಹುಡುಕಿ, ಎಳೆದಳು. ಪರ್‌ರೆಂದು ಸದ್ದು ಮಾಡುತ್ತ ಪಟ್ಟಿ ಸುತ್ತಲೂ ಕಳಚಿ ನೆಲಕ್ಕೆ ಬಿತ್ತು. ಮಡಿಕೆಗಳ ಮೇಲೆ ಇಸ್ತ್ರಿಗೆಂದು ಇಟ್ಟಿದ್ದ ಶೀಷೆಯ ನೀರು ಚಿಮುಕಿಸಿ, ಎರಡೂ ಕೈಯಲ್ಲಿ ಹಿಡಿದು ಕೊಡವಿದಳು.

ಬಟ್ಟೆ ಎದ್ದಿತು. ಒಂದೊಂದೇ ನೆರಿಗೆ ಬಿಟ್ಟುಕೊಂಡು ಮೇಜನ್ನು ತುಂಬಿ, ಮೇಜಿನಿಂದ ಇಳಿದು, ಪ್ರೊಫೆಸರ ಮೊಣಕಾಲಿಗೆ ತಾಗಿತು. ಅವರು ಒಂದು ಹೆಜ್ಜೆ ಹಿಂದೆ ಸರಿದರು.

"ಇಷ್ಟೊಂದಿತ್ತಾ?" ಎಂದು ಯಾರೋ ಪಿಸುಗುಟ್ಟಿದರು.

ನರ್ಸಮ್ಮ ಬಂದು ಇನ್ನೊಂದು ತುದಿ ಹಿಡಿದಳು. ಸುಟ್ಟ ತುಂಡಿನ ಮೇಲೆ ಕೈಯಾಡಿಸಿದಳು. ಇಬ್ಬರೂ ಬಟ್ಟೆಯನ್ನು ಮೇಷ್ಟ್ರ ಮೇಲೆ ಹೊದಿಸಿದರು. ಮೊದಲ ದುಂಡು ತುಂಡು ಅವನ ಎದೆಯ ಮೇಲೆ ಬರುವ ಹಾಗೆ ಟೈಲರಮ್ಮ ಸರಿಮಾಡಿದಳು. ಅವನ ಉಗುರಿನೊಳಗೆ ಈಗಲೂ ಒಂದಿಷ್ಟು ಸುಣ್ಣವಿತ್ತು. ನಿವೃತ್ತಿಯಾದ ಮೇಲೂ ಅಡುಗೆಮನೆಯ ಗೋಡೆಯ ಮೇಲೆ ಬರೆಯುವುದನ್ನು ಬಿಟ್ಟಿರಲಿಲ್ಲವಲ್ಲ, ಎಷ್ಟು ಬೈದರೂ. ಈ ಮನುಷ್ಯನನ್ನು ಇನ್ನು ಬೈಯುವ ಹಾಗಿಲ್ಲ ಎನ್ನುವುದು ಆಗ ಅವಳ ತಲೆಗೆ ಹೋಯಿತು. ಕಣ್ಣು ತುಂಬಿ ಬಂತು. ತೋಳಿನಿಂದ ಒರೆಸಿಕೊಂಡಳು.

"ಮುಚ್ಚಳ ಹಾಕಿ," ಎಂದಳು.

ಗಾಡಿಯವನೂ ಚಿಕ್ಕಪ್ಪನ ಮಗನೂ ಮುಚ್ಚಳ ತಂದಿಟ್ಟರು. ಅದು ಕೂರಲಿಲ್ಲ. ಎಡಗಡೆಯ ನೆರಿಗೆಯನ್ನು ಒಳಗೆ ತುರುಕಿದರೆ ಬಲಗಡೆ ಒಂದು ಎದ್ದಿತು. ಬಲಗಡೆ ಒತ್ತಿದರೆ ಕಾಲಿನ ಕಡೆ ಎರಡು.

"ಮಡಿಸಿ ಹಾಕ್ಬೇಕು," ಎಂದ ಬಿಸ್ಕತ್ತಿನವನು.

"ಮಡಿಸಿ," ಎಂದಳು ಟೈಲರಮ್ಮ.

ವಿಭಾಗದವರು ಒಬ್ಬೊಬ್ಬರಾಗಿ ಬಂದು ಕೈ ಹಾಕಿದರು. ಕೊನೆಗೆ ಪ್ರೊಫೆಸರೇ ಕೋಟಿನ ತೋಳು ಮೇಲೆ ಸರಿಸಿ, ಎರಡೂ ಅಂಗೈಯಿಂದ ಮುಚ್ಚಳವನ್ನು ಒತ್ತಿದರು. ಹಣೆಯ ನರ ಉಬ್ಬಿತು. ಅವರ ಹೊಟ್ಟೆಯ ಕೆಳಗಿನಿಂದ ಒಂದು ನೀಲಿ ನೆರಿಗೆ ಮೆಲ್ಲಗೆ ಹೊರಗೆ ಬಂತು. ಅದರ ಅಂಚಿನ ದಾರಗಳು ಅವರ ಕಪ್ಪು ಕೋಟಿಗೆ ಅಂಟಿಕೊಂಡವು. ಬಿಡಿಸಿಕೊಳ್ಳಲು ಹೋದಷ್ಟೂ ಹತ್ತಿದವು.

"ಇದು ಒಳಗೆ ಹೋಗೋ ಬಟ್ಟೆ ಅಲ್ಲಮ್ಮ," ಎಂದ ಗಾಡಿಯವನು, ಬೆವರು ಒರೆಸಿಕೊಳ್ಳುತ್ತ. "ಕಟ್ಟೋಕೆ ಏನಾದ್ರೂ ಕೊಡಿ."

ಟೈಲರಮ್ಮ ನೆಲದ ಮೇಲೆ ಬಿದ್ದಿದ್ದ ಜರಿ ಪಟ್ಟಿಯನ್ನು ಎತ್ತಿಕೊಟ್ಟಳು. ಅವನು ಅದನ್ನು ಪೆಟ್ಟಿಗೆಗೆ ಅಡ್ಡ ಎರಡು ಸುತ್ತು, ಉದ್ದ ಒಂದು ಸುತ್ತು ಬಿಗಿದು, ಮೇಲೆ ಅಂಗಡಿಯ ಪೊಟ್ಟಣಕ್ಕೆ ಹಾಕುವಂಥ ಗಂಟು ಹಾಕಿದ. ಮುಚ್ಚಳ ಅರ್ಧಂಬರ್ಧ ನಿಂತಿತು. ಪ್ರೊಫೆಸರು ಖಾಲಿ ಚೌಕಟ್ಟಿನ ಪಕ್ಕದಲ್ಲಿ ನಿಂತು ಕೋಟಿನಿಂದ ದಾರ ಆರಿಸುತ್ತಿದ್ದರು.

ಪೆಟ್ಟಿಗೆಯನ್ನು ಗಾಡಿಗೆ ಏರಿಸಿದರು. ಹಿಂದಿನ ಬಾಗಿಲನ್ನು ಮೂರು ಸಲ ಬಡಿದರೂ ಹಾಕಿಕೊಳ್ಳಲಿಲ್ಲ, ತೆರೆದೇ ಬಿಟ್ಟರು. ಗಾಡಿ ಮೆಲ್ಲಗೆ ಹೊರಟಿತು. ಟೈಲರಮ್ಮ ಮತ್ತು ನರ್ಸಮ್ಮ ಅದರ ಹಿಂದೆ ನಡೆದರು. ಮುಚ್ಚಳದ ಸುತ್ತ ನಾಲ್ಕೂ ಕಡೆ ನೀಲಿ, ಹಳದಿ, ಬಿಳಿ ನೆರಿಗೆಗಳು ದಾರ ಬಿಟ್ಟುಕೊಂಡು ಗಾಳಿಗೆ ಅಲ್ಲಾಡುತ್ತಿದ್ದವು. ಬೀದಿಯ ತಿರುವಿನ ಉಬ್ಬಿನ ಮೇಲೆ ಗಾಡಿ ಹಾರಿತು. ಮುಚ್ಚಳ ಒಂದಿಷ್ಟು ಎದ್ದು ಕೂತಿತು. ಸಂದಿಯಿಂದ ಇನ್ನೂ ಒಂದು ನೆರಿಗೆ ಹೊರಗೆ ಬಂತು.